ಒಂದೇ ಬೀಪಿಗೆ ಜಗಲಿ ತುಂಬ ಓದುಗರು

ಗ್ರಂಥಾಲಯಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಬಾರ್‌ಕೋಡ್ ಅಂಟಿಸಿದ ಪುಸ್ತಕ ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದು ನಮಗೆ ಮಾತು ಕೊಟ್ಟವರು ನೀವು. ಆ ಮಾತನ್ನು ನಂಬಿ ಒಂದೊಂದು ಪುಸ್ತಕಕ್ಕೂ ನಮ್ಮ ಕೈಯಿಂದಲೇ ಅದನ್ನು ಅಂಟಿಸಿದವರು ನಾವು. ಈಗ ಅದೇ ಬಾರ್‌ಕೋಡನ್ನು ಸಾಕ್ಷಿಗೆ ನಿಲ್ಲಿಸಿ, ಕುಂಟಾಲಪದವಿನ ಶಾಖೆಗೆ ಇರುವುದು ಒಬ್ಬರೇ ಓದುಗರು ಎಂದು ವರದಿ ಬರೆದು, ಬಾಗಿಲಿಗೆ ಬೀಗ ಜಡಿದು, ಪುಸ್ತಕಗಳನ್ನೆಲ್ಲ ಟೆಂಪೋದಲ್ಲಿ ತುಂಬಿಸಿಕೊಂಡು ಹೋಗಿದ್ದೀರಿ. ಇದಕ್ಕೆ ನಿಮ್ಮ ಕಚೇರಿಯ ಭಾಷೆಯಲ್ಲಿ ‘ಶಾಖೆಗಳ ಮರುಹೊಂದಾಣಿಕೆ’ ಎನ್ನುತ್ತಾರಂತೆ. ನಮ್ಮ ಭಾಷೆಯಲ್ಲಿ ಮೋಸ ಎನ್ನುತ್ತೇವೆ. ನಿಮ್ಮ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನೀವು ನಮ್ಮನ್ನು ಅಂಕೆಯಾಗಿ ಕಂಡಿರಿ, ನಾನು ನಿಮ್ಮನ್ನು ಹುದ್ದೆಯಾಗಿ ಕಾಣುತ್ತೇನೆ.

ನಾನು ಯಾರೆಂದು ನಿಮಗೆ ಮರೆತಿರಬಹುದು. ಪೊಳಲಿಯಿಂದ ಬಂಟ್ವಾಳಕ್ಕೆ ಬರುವ ದಾರಿಯಲ್ಲಿ ತಿರುಗಿ ಏರು ಹತ್ತಿದರೆ ಗುಡ್ಡದ ನೆತ್ತಿಯ ಬಯಲಲ್ಲಿ ನಮ್ಮ ಪದವು ಸಿಗುತ್ತದೆ. ಬಸ್ಸು ಹಿಂದಕ್ಕೆ ತಿರುಗಿಸುವ ಜಾಗದಲ್ಲಿ ನನ್ನ ದಿನಸಿ ಅಂಗಡಿ. ಅಂಗಡಿ ಹಾಕುವ ಮೊದಲು ಸೌದಿಯ ದಮ್ಮಾಮ್‌ನ ದೊಡ್ಡದೊಂದು ಸೂಪರ್‌ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿನಲ್ಲಿ ವರ್ಷಗಟ್ಟಲೆ ನಿಂತವನು ನಾನು. ಆ ಬೀಪ್ ಸದ್ದು ನನ್ನ ತಲೆಯಲ್ಲಿ ಎಷ್ಟು ಕೂತಿತ್ತೆಂದರೆ, ರಜೆಯಲ್ಲಿ ಊರಿಗೆ ಬಂದಾಗ ತಾಯಿ ಗಂಜಿ ಬಡಿಸಿದರೂ ಬಟ್ಟಲನ್ನು ಒಮ್ಮೆ ತಿರುಗಿಸಿ ಬಾರ್‌ಕೋಡಿನ ಗೆರೆ ಎಲ್ಲಿದೆ ಎಂದು ನೋಡುತ್ತಿದ್ದೆ. ಈ ಒಂದು ಅರ್ಹತೆಯಿಂದಲೇ ಎರಡು ವರ್ಷದ ಹಿಂದೆ ನೀವು ನನ್ನನ್ನು ಹುಡುಕಿಕೊಂಡು ಬಂದಿರಿ.

ಆ ದಿನ ನಿಮ್ಮ ಕೈಯಲ್ಲಿ ಒಂದು ಸ್ಕ್ಯಾನರ್ ಇತ್ತು, ಚೀಲದಲ್ಲಿ ಚೀಟಿಗಳ ಸುರುಳಿಗಳಿದ್ದವು. ಗ್ರಂಥಾಲಯದ ಒಂದೇ ಕೋಣೆಯಲ್ಲಿ ಊರಿನ ಹೆಂಗಸರನ್ನು ಕೂರಿಸಿ, “ಇದು ಪುಸ್ತಕದ ಆಧಾರ್ ಕಾರ್ಡ್ ಇದ್ದ ಹಾಗೆ. ಒಮ್ಮೆ ಅಂಟಿಸಿದರೆ ಆ ಪುಸ್ತಕವನ್ನು ಯಾರೂ ಎಲ್ಲಿಗೂ ಒಯ್ಯೋಕೆ ಸಾಧ್ಯ ಇಲ್ಲ” ಎಂದಿರಿ. ಆಗ ಎದ್ದು ನಿಂತವರು ಸೇಸಮ್ಮ. ಗ್ರಂಥಾಲಯದ ಪಕ್ಕದ ಮನೆಯವರು, ಬೀಡಿ ಕಟ್ಟುವ ಹೆಂಗಸರೆಲ್ಲ ಸೇರುವುದು ಅವರ ಜಗಲಿಯಲ್ಲಿ. “ಅಂಟಿಸಿ ಆದ ಮೇಲೆ ಪುಸ್ತಕ ಇಲ್ಲಿಯೇ ಇರ್ತದಲ್ಲ ಸಾರ್? ನೀವು ಕೆಳಗೆ ತಕೊಂಡು ಹೋಗುದಿಲ್ಲಲ್ಲ?” ಎಂದು ಕೇಳಿದರು. ನೀವು ನಕ್ಕು ನನ್ನ ಕಡೆ ಕೈ ತೋರಿಸಿ, “ನಿಮ್ಮ ಉಸ್ಮಾನ್ ಅವರನ್ನೇ ಕೇಳಿ, ಅವರಿಗೆ ಇದೆಲ್ಲ ಗೊತ್ತು” ಎಂದಿರಿ. ನಾನು ಹೌದು ಎಂದು ತಲೆಯಾಡಿಸಿದೆ. ಸೇಸಮ್ಮ ಕೂತರು. ನಿಮ್ಮ ಮಾತಿಗೆ ಅವರು ಕೂತದ್ದಲ್ಲ, ನನ್ನ ಮಾತಿಗೆ ಕೂತದ್ದು. ಆ ದಿನ ನನ್ನ ನಾಲಿಗೆಯನ್ನು ನೀವು ಎರವಲು ಪಡೆದಿರಿ, ಇನ್ನೂ ಹಿಂದಿರುಗಿಸಿಲ್ಲ. ನಿಮ್ಮ ನಿಯಮದಲ್ಲಿ ಇಂಥದ್ದಕ್ಕೆ ದಂಡವೇನಾದರೂ ಉಂಟೇ?

ಸೇಸಮ್ಮ ಹಾಗೆ ಕೇಳಿದ್ದಕ್ಕೆ ಕಾರಣವಿದೆ. ಆ ಪುಸ್ತಕಗಳು ಮೊದಲು ಕೆಳಗೆ, ಬಂಟ್ವಾಳ ಪೇಟೆಯ ಒಂದು ಹಳೆಯ ವಾಚನಾಲಯದಲ್ಲಿದ್ದವು. ನೇತ್ರಾವತಿ ಪೇಟೆಯೊಳಗೆ ಬಂದ ಒಂದು ಮಳೆಗಾಲದಲ್ಲಿ ಎಲ್ಲವೂ ನೆನೆದು ಮುದ್ದೆಯಾದವು. ಅವುಗಳನ್ನು ಎಸೆಯಲು ಹೊರಟಾಗ, ನಮಗೆ ಕೊಡಿ ಎಂದು ಪದವಿಗೆ ಹೊತ್ತು ತಂದವರು ಈ ಹೆಂಗಸರು. ಬೀಡಿ ಎಲೆಯನ್ನು ನೀರಿನಲ್ಲಿ ಅದ್ದಿ, ಗೋಣಿಯಲ್ಲಿ ಸುತ್ತಿ, ಹದ ನೋಡಿ ಕತ್ತರಿಸುವ ಕೈಗಳಿಗೆ ಒದ್ದೆ ಕಾಗದದ ಹದ ಹೇಳಿಕೊಡಬೇಕೇ? ಬಿಸಿಲಿಗೆ ಹಾಕದೆ, ನೆರಳಿನಲ್ಲಿ ಹಗ್ಗ ಕಟ್ಟಿ, ಹಾಳೆ ಹಾಳೆ ಬಿಡಿಸಿ ಒಣಗಿಸಿದರು. ಅಂಥ ಪುಸ್ತಕಗಳಿಂದಲೇ ನಿಮ್ಮ ಶಾಖೆ ಶುರುವಾಯಿತು. ಫಲಕ ಮಾತ್ರ ನಿಮ್ಮದು.

ನೆನೆದು ಒಣಗಿದ ರಟ್ಟು ಯಾವತ್ತೂ ಮೊದಲಿನ ಹಾಗೆ ಆಗುವುದಿಲ್ಲ, ಹಪ್ಪಳದ ಹಾಗೆ ಅಲ್ಲಲ್ಲಿ ಎದ್ದಿರುತ್ತದೆ. ಅದರ ಮೇಲೆ ನಿಮ್ಮ ಚೀಟಿ ನಿಲ್ಲಲಿಲ್ಲ. ಸೇಸಮ್ಮ ಮೈದಾ ಕುದಿಸಿ ಅಂಟು ಮಾಡಿದರು. ಎಲ್ಲಿ ಅಂಟಿಸಬೇಕೆಂದು ತೋರಿಸಿದವನು ನಾನು. ಬೆನ್ನಿನ ತಿರುವಿನಲ್ಲಿ ಹಾಕಬಾರದು, ಗೆರೆ ಬಾಗಿದರೆ ಯಂತ್ರಕ್ಕೆ ಕಾಣುವುದಿಲ್ಲ. ಮೇಲಿಂದ ಮಿರುಗುವ ಟೇಪು ಬೇಡ, ಕೆಂಪು ಬೆಳಕು ಅದರ ಮೇಲೆ ಬಿದ್ದು ಹಿಂದಕ್ಕೆ ಹೊಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗೆರೆಗಳ ಎಡಕ್ಕೂ ಬಲಕ್ಕೂ ಇರುವ ಖಾಲಿ ಬಿಳಿ ಜಾಗವನ್ನು ಕತ್ತರಿಸಬಾರದು. ಚೀಟಿಯ ಬಿಳಿ ಅಂಚು ಚಂದ ಇಲ್ಲವೆಂದು ಕತ್ತರಿ ಹಿಡಿದ ಒಬ್ಬಿಬ್ಬರನ್ನು ನಾನು ಗದರಿಸಿದ್ದೂ ಉಂಟು. ಆ ಖಾಲಿ ಇಲ್ಲದಿದ್ದರೆ ಗೆರೆ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಶಾಖೆಯನ್ನು ನೋಡಿಕೊಳ್ಳುವ ನಿತ್ಯಾನಂದ ಒಂದೊಂದೇ ಪುಸ್ತಕವನ್ನು ಸ್ಕ್ಯಾನ್ ಮಾಡಿ ಕಪಾಟಿಗೆ ಏರಿಸಿದ. ಕೊನೆಯ ಪುಸ್ತಕಕ್ಕೆ ಬೀಪ್ ಎಂದಾಗ ಹೆಂಗಸರು ಚಪ್ಪಾಳೆ ತಟ್ಟಿದರು. ಅವರ ಮಟ್ಟಿಗೆ ಅದು ಆ ಪುಸ್ತಕಗಳು ಶಾಶ್ವತವಾಗಿ ನಮ್ಮವಾದ ದಿನ.

ಬಾರ್‌ಕೋಡ್ ಎಂದರೇನೆಂದು ನಿಮಗೆ ಪಾಠ ಹೇಳುವಷ್ಟು ದೊಡ್ಡವನಲ್ಲ ನಾನು. ಆದರೆ ನೀವು ಅದನ್ನು ನಂಬಿದ ರೀತಿ ನೋಡಿದರೆ ಯಾರಾದರೂ ಹೇಳಲೇಬೇಕಾಗಿದೆ. ನನ್ನ ಅಂಗಡಿಯ ಸೋಪಿನ ಮೇಲೆ ಹದಿಮೂರು ಅಂಕೆಗಳ ಗೆರೆ ಇದೆ. ಎಂಟು, ಒಂಬತ್ತು, ಸೊನ್ನೆ ಎಂದು ಶುರುವಾದರೆ ಆ ಅಂಕೆ ನಮ್ಮ ದೇಶದಲ್ಲಿ ನೋಂದಾಯಿಸಿದ್ದು. ಕೊನೆಯ ಅಂಕೆ, ಹಿಂದಿನ ಹನ್ನೆರಡನ್ನು ಯಂತ್ರ ಸರಿಯಾಗಿ ಓದಿತೇ ಎಂದು ತಾಳೆ ನೋಡುವುದಕ್ಕೆ. ಅದು ಯಾವ ಕಂಪೆನಿಯ ಯಾವ ಸೋಪು ಎಂದಷ್ಟೇ ಹೇಳುತ್ತದೆ; ಪೆಟ್ಟಿಗೆಯಲ್ಲಿರುವ ಎಲ್ಲ ಸೋಪಿಗೂ ಅದೇ ಗೆರೆ. ದನದ ಕಿವಿಗೆ ಹೊಡೆಯುವ ಹಳದಿ ಬಿಲ್ಲೆಯಲ್ಲಿರುವುದು ಬೇರೆ ಜಾತಿ. ಅದು ದನ ಎಂದು ಹೇಳುವುದಿಲ್ಲ, ಇದೇ ದನ ಎಂದು ಹೇಳುತ್ತದೆ. ಪುಸ್ತಕದ ಗೆರೆಯೂ ಹಾಗೆಯೇ, ಒಂದೇ ಪುಸ್ತಕದ ಎರಡು ಪ್ರತಿಗಳಿಗೆ ಎರಡು ಅಂಕೆ. ವಿಮಾನದಲ್ಲಿ ಪೆಟ್ಟಿಗೆಯ ಹಿಡಿಗೆ ಸುತ್ತುವ ಉದ್ದ ಚೀಟಿಯ ಆಯುಸ್ಸು ಒಂದು ಪ್ರಯಾಣ; ಗಲ್ಫಿನಿಂದ ಬಂದವರು ಅದನ್ನು ಹರಿಯದೆ ತಿಂಗಳುಗಟ್ಟಲೆ ಮೆರೆಸುವುದು ಬೇರೆ ವಿಷಯ. ಸೂಪರ್‌ಮಾರ್ಕೆಟ್ಟಿನಲ್ಲಿ ಬೆಂಡೆಕಾಯಿ ತೂಗಿದಾಗ ತಕ್ಕಡಿಯಿಂದ ಹೊರಬರುವ ಚೀಟಿಯ ಗೆರೆಯೊಳಗೆ ತೂಕವೋ ಬೆಲೆಯೋ ಸೇರಿಕೊಂಡಿರುತ್ತದೆ. ಆಸ್ಪತ್ರೆಯಲ್ಲಿ ರಕ್ತ ತುಂಬಿದ ಸಣ್ಣ ಕೊಳವೆಗೂ ಗೆರೆ ಇದೆ, ಒಬ್ಬರ ರಕ್ತ ಇನ್ನೊಬ್ಬರದ್ದಾಗಬಾರದೆಂದು. ಇನ್ನು ನನ್ನ ಅಂಗಡಿಯ ಗೋಡೆಯ ಮೇಲಿರುವ ಚೌಕದ ಕ್ಯುಆರ್ ಕೋಡ್ ಇವಕ್ಕೆಲ್ಲ ಅಣ್ಣ. ಅಡ್ಡಕ್ಕೂ ಉದ್ದಕ್ಕೂ ಬರೆದುಕೊಂಡು ಹೆಚ್ಚು ಸಂಗತಿ ಹಿಡಿಯುತ್ತದೆ, ಒಂದು ಕಡೆ ಸ್ವಲ್ಪ ಹರಿದರೂ ಉಳಿದದ್ದರಿಂದ ತನ್ನನ್ನು ಓದಿಸಿಕೊಳ್ಳುತ್ತದೆ.

ಇವುಗಳಲ್ಲಿ ಯಾವುದಾದರೂ ಒಂದು, ಬೀಪ್ ಆದ ಮೇಲೆ ಏನಾಯಿತು ಎಂದು ಹೇಳುತ್ತದೆಯೇ? ನನ್ನ ಅಂಗಡಿಯಿಂದ ಒಂದು ಸೋಪು ಹೋಗುತ್ತದೆ, ಬೀಪ್ ಆಗುವುದು ಒಮ್ಮೆ. ಮನೆಯಲ್ಲಿ ಅದರಲ್ಲಿ ಮೀಯುವವರು ಏಳು ಜನ. ಸೋಪಿನ ಕಂಪೆನಿಯವರು ನನ್ನ ಬಿಲ್ಲು ನೋಡಿ, ಈ ಊರಿನಲ್ಲಿ ಒಬ್ಬನೇ ಮೀಯುತ್ತಾನೆ, ಉಳಿದವರು ಮೀಯುವುದೇ ಇಲ್ಲ ಎಂದು ಬರೆದುಕೊಂಡದ್ದು ನಾನು ಕೇಳಿಲ್ಲ. ಲಾಭಕ್ಕೆ ಕೂತವರಿಗೆ ಇರುವ ಇಷ್ಟು ತಿಳಿವಳಿಕೆ, ಜನರಿಗೆ ಓದಿಸಲು ಕೂತವರಿಗೆ ಯಾಕೆ ಇಲ್ಲ?

ನಿಮ್ಮ ವರದಿಯ ಆ ‘ಒಬ್ಬರೇ ಓದುಗರು’ ಯಾರೆಂದು ಈಗ ಹೇಳುತ್ತೇನೆ. ಅವಳ ಹೆಸರು ಭವ್ಯಶ್ರೀ. ಸೇಸಮ್ಮನ ಸೊಸೆ. ಮಧ್ಯಾಹ್ನದ ಊಟ ಮುಗಿದ ಮೇಲೆ ಸೇಸಮ್ಮನ ಜಗಲಿಯಲ್ಲಿ ಹೆಂಗಸರು ಗೆರಸೆ ಹಿಡಿದು ಕೂರುತ್ತಾರೆ. ಗೆರಸೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಕೈ ಬೀಡಿ ಕಟ್ಟುತ್ತದೆ, ಕಣ್ಣೂ ಅಲ್ಲಿಯೇ ಇರಬೇಕು. ಪುಸ್ತಕ ಹಿಡಿಯಲು ಯಾರಿಗೂ ಮೂರನೆಯ ಕೈ ಇಲ್ಲ. ಆದ್ದರಿಂದ ಒಬ್ಬಳು ಓದುತ್ತಾಳೆ, ಉಳಿದವರು ಕೇಳುತ್ತಾರೆ. ಓದುವವಳಿಗೆ ಬೀಡಿ ಕಟ್ಟಲು ಆಗುವುದಿಲ್ಲವಲ್ಲ, ಅದಕ್ಕೆ ಕೇಳಿದ ಪ್ರತಿಯೊಬ್ಬರೂ ಏಳುವಾಗ ತಮ್ಮ ಗೆರಸೆಯಿಂದ ಒಂದು ಹಿಡಿ ಬೀಡಿ ಅವಳ ಗೆರಸೆಗೆ ಹಾಕಿ ಹೋಗುತ್ತಾರೆ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ತಪ್ಪಿಸಿದ್ದೂ ಇಲ್ಲ. ಹಿಂದೆ ಸೇಸಮ್ಮ ಓದುತ್ತಿದ್ದರು. ಕಣ್ಣು ಮಂಜಾದ ಮೇಲೆ ಭವ್ಯಶ್ರೀ. ಕಾದಂಬರಿ, ಪ್ರವಾಸದ ಪುಸ್ತಕ, ಬಾಣಂತಿ ಆರೈಕೆಯ ಪುಸ್ತಕ, ಒಮ್ಮೆ ಜೇನು ಸಾಕುವುದರ ಬಗ್ಗೆಯೂ ಓದಿದ್ದಾಳೆ. ಅದನ್ನು ಕೇಳಿದವರಲ್ಲಿ ಇಬ್ಬರ ಮನೆಯಲ್ಲಿ ಈಗ ಜೇನು ಪೆಟ್ಟಿಗೆ ಇದೆ. ಇವರಲ್ಲಿ ಅಕ್ಷರ ಕಲಿಯದವರಿದ್ದಾರೆ, ಕನ್ನಡ ಸರಿಯಾಗಿ ಬಾರದ ನಮ್ಮ ಬ್ಯಾರಿ ಹೆಂಗಸರಿದ್ದಾರೆ. ಅವರಿಗೋಸ್ಕರ ಭವ್ಯಶ್ರೀ ನಡುನಡುವೆ ನಿಲ್ಲಿಸಿ, ಎಲ್ಲರಿಗೂ ಬರುವ ತುಳುವಿನಲ್ಲಿ ಹೇಳುತ್ತಾಳೆ. ಅಂಗಡಿಗೆ ಗಿರಾಕಿ ಇಲ್ಲದ ಮಧ್ಯಾಹ್ನ ಜಗಲಿಯ ಮೆಟ್ಟಿಲಲ್ಲಿ ಕೂತು ನಾನೂ ಕೇಳಿದ್ದೇನೆ.

ಇಷ್ಟು ಜನ ಕೇಳುವವರಿದ್ದರೆ ಎಲ್ಲರೂ ಕಾರ್ಡ್ ಮಾಡಿಸಬಹುದಿತ್ತಲ್ಲ ಎನ್ನುತ್ತೀರಿ. ಕಚೇರಿಯಲ್ಲಿ ನೀವು ನನಗೆ ಅದನ್ನೇ ಹೇಳಿದಿರಿ. ನಿಜ, ಮಾಡಿಸಬಹುದಿತ್ತು. ಆದರೆ ಬೀಡಿ ಕಟ್ಟುವವರ ಲೋಕದಲ್ಲಿ ಕಾರ್ಡ್ ಎಂದರೆ ಏನೆಂದು ನಿಮಗೆ ಗೊತ್ತಿದೆಯೇ? ಕಟ್ಟಿದ ಬೀಡಿಯನ್ನು ಕಂಪೆನಿಗೆ ಒಪ್ಪಿಸುವ ಬ್ರಾಂಚಿನಲ್ಲಿ ಒಂದು ಕಾರ್ಡಿನ ಮೇಲೆ ಅತ್ತೆ ಕಟ್ಟಿದ್ದು, ಸೊಸೆ ಕಟ್ಟಿದ್ದು, ಪಕ್ಕದ ಮನೆಯವಳು ಕಟ್ಟಿದ್ದು ಎಲ್ಲವೂ ಹೋಗುತ್ತದೆ. ಕಾರ್ಡ್ ಒಬ್ಬಳದ್ದು, ಕೈಗಳು ಹಲವು. ಅಜ್ಜಿಯಂದಿರ ಕಾಲದಿಂದ ಹಾಗೆಯೇ ನಡೆದದ್ದು. ಗ್ರಂಥಾಲಯಕ್ಕೂ ಕಾರ್ಡ್ ಎಂದಾಗ ಅವರು ಅದೇ ಕ್ರಮ ಇಟ್ಟುಕೊಂಡರು. ಓದುವವಳು ಭವ್ಯಶ್ರೀ, ಹಾಗಾದರೆ ಕಾರ್ಡೂ ಅವಳದ್ದೇ ಸಾಕು. ನಿತ್ಯಾನಂದನೂ ಈ ಊರಿನವನೇ, ಅವನಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ಕರೆಂಟು ಹೋಗಿ ಬರುವ ಊರಿನಲ್ಲಿ ಪ್ರತಿಯೊಬ್ಬರಿಗೂ ಕಂಪ್ಯೂಟರ್ ತೆರೆದು ಕೂರುವುದಕ್ಕಿಂತ ಇದು ಸುಲಭ ಎಂದುಕೊಂಡ. ನಾವು ಮಾಡಿದ ತಪ್ಪು ಇಷ್ಟೇ, ನಿಮ್ಮ ಯಂತ್ರವನ್ನು ನಮ್ಮ ಬ್ರಾಂಚಿನ ಹಾಗೆ ಎಂದು ತಿಳಿದದ್ದು.

ಬೀಗ ಹಾಕಿದ್ದಕ್ಕಿಂತ ನನಗೆ ಹೆಚ್ಚು ನೋವಾದದ್ದು ನಿಮ್ಮ ವರದಿಯ ಒಂದು ಸಾಲು. ‘ಒಬ್ಬ ಸದಸ್ಯೆ ಮಾತ್ರ ಮಿತಿಮೀರಿ ಪುಸ್ತಕಗಳನ್ನು ಪಡೆದಿದ್ದು, ಸೌಲಭ್ಯದ ದುರ್ಬಳಕೆ ಕಂಡುಬಂದಿದೆ.’ ಇದನ್ನು ಪಂಚಾಯತಿನ ಗೋಡೆಯ ಮೇಲೆ ಹೆಸರು ಸಹಿತ ಅಂಟಿಸಲಾಯಿತು. ಭವ್ಯಶ್ರೀ ಅದನ್ನು ಓದಿ ಬಂದು ನನ್ನ ಅಂಗಡಿಯ ಮುಂದೆ ನಿಂತಳು. “ಉಸ್ಮಾನಾಕ, ದುರ್ಬಳಕೆ ಅಂದ್ರೆ ಕದ್ದ ಹಾಗೆಯೇ ಅಲ್ವಾ?” ಎಂದು ಕೇಳಿದಳು. ನಾನು ಹಾಗಲ್ಲ ಎಂದೆ. “ಮತ್ತೆ ಎಂತ ಅರ್ಥ? ಹೇಳಿ” ಎಂದಳು. ಆ ದಿನದಿಂದ ಅವಳು ಜಗಲಿಯ ಮೂಲೆಯಲ್ಲಿ ಕೂತು ಎಲ್ಲರ ಹಾಗೆ ಬೀಡಿ ಕಟ್ಟುತ್ತಾಳೆ. ಕತೆ ಇಲ್ಲದ ಜಗಲಿಯಲ್ಲಿ ಈಗ ಮೊಬೈಲು ಹಾಡುತ್ತದೆ.

ನಾನು ನಿಮ್ಮ ಕಚೇರಿಗೆ ಬಂದೆ. ಇದನ್ನೆಲ್ಲ ನಿಂತುಕೊಂಡೇ ಹೇಳಿದೆ, ಕೂರಲು ನೀವು ಹೇಳಲಿಲ್ಲ. ನೀವು ಪರದೆಯನ್ನು ನನ್ನ ಕಡೆ ತಿರುಗಿಸಿ, “ಸಿಸ್ಟಮ್‌ನಲ್ಲಿ ಒಬ್ಬರೇ ಅಂತ ತೋರಿಸ್ತಾ ಇದೆ ನೋಡಿ. ನಾನು ಏನು ಮಾಡಲಿ?” ಎಂದಿರಿ. ಬಂದು ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತು ನೋಡಿ ಎಂದು ಕೇಳಿಕೊಂಡೆ. ಅದಕ್ಕೆ ಅವಕಾಶವಿಲ್ಲ ಎಂದಿರಿ. ಚೀಟಿ ಅಂಟಿಸುವಾಗ ಆ ಜಗಲಿಯ ಹೆಂಗಸರೇ ಕೊಟ್ಟ ಚಹಾ ಕುಡಿಯಲು ಅವಕಾಶವಿತ್ತು. ಗೆರೆಯ ಎರಡೂ ಬದಿಯ ಬಿಳಿಯನ್ನು ಉಳಿಸಿ ಎಂದು ನಾನು ಊರವರನ್ನು ಗದರಿಸಿದ್ದೆ. ನೀವು ಆ ಬಿಳಿಯನ್ನೆಲ್ಲ ಕತ್ತರಿಸಿ ಬರೀ ಗೆರೆಯನ್ನು ಓದುತ್ತಿದ್ದೀರಿ ಎಂದು ಆಗ ನನಗೆ ಅನಿಸಿತು. ಪುಸ್ತಕಗಳು ಕೇಂದ್ರದ ಗೋದಾಮಿನಲ್ಲಿ ಭದ್ರವಾಗಿವೆ, ಬೇಕಾದವರು ಬೆಳ್ತಂಗಡಿಯ ಇಲ್ಲವೇ ಮೂಡುಬಿದಿರೆಯ ಗ್ರಂಥಾಲಯಕ್ಕೆ ಹೋಗಿ ಓದಬಹುದು ಎಂದು ನೀವು ಸಮಾಧಾನ ಹೇಳಿದಿರಿ. ಗೆರಸೆ ಹಿಡಿದುಕೊಂಡು ಎರಡು ಬಸ್ಸು ಬದಲಿಸಿ ಮೂಡುಬಿದಿರೆಗೆ ಹೋಗಿ ಕತೆ ಕೇಳಿ ಬರುವ ಹೆಂಗಸನ್ನು ನಿಮ್ಮ ಸಿಸ್ಟಮ್ ಬಲ್ಲುದಾದರೆ ನನಗೂ ತೋರಿಸಿ.

ಆದರೂ ಭದ್ರ ಎಂಬ ಒಂದು ಪದವನ್ನು ನಾನು ನಂಬಿದೆ. ಬುದ್ಧಿ ಬರಲಿಲ್ಲ ನೋಡಿ ನನಗೆ. ಊರಿಗೆ ಬಂದು, ಎಲ್ಲಿಯೋ ಒಂದು ಕಡೆ ಇವೆಯಂತೆ, ಕೇಳಿದರೆ ಕೊಟ್ಟಾರು ಎಂದು ಸೇಸಮ್ಮನಿಗೆ ಹೇಳಿದೆ. ಎರಡನೆಯ ಸಲ ನನ್ನ ನಾಲಿಗೆ ನಿಮ್ಮ ಕೆಲಸ ಮಾಡಿತು.

ಕಳೆದ ತಿಂಗಳು ಕಲ್ಲಡ್ಕದ ರದ್ದಿ ಅಂಗಡಿಯಿಂದ ನನ್ನ ಅಂಗಡಿಗೆ ಕಾಗದದ ಕಟ್ಟು ಬಂತು. ಸಾಸಿವೆ, ಮೆಂತೆ ಕಟ್ಟಿಕೊಡಲು ನಾನು ಅಲ್ಲಿಂದಲೇ ತರಿಸುವುದು. ಕಟ್ಟು ಬಿಚ್ಚಿದರೆ ಪತ್ರಿಕೆಗಳ ನಡುವೆ ಎದ್ದೆದ್ದು ನಿಂತ ರಟ್ಟುಗಳು. ನೆನೆದು ಒಣಗಿದ ಆ ರಟ್ಟನ್ನು ನಾನು ಕತ್ತಲೆಯಲ್ಲಿ ಮುಟ್ಟಿದರೂ ಗುರುತಿಸಿಯೇನು. ಮೇಲೆ ಮೈದಾದ ಅಂಟು ಹಳದಿಯಾಗಿತ್ತು, ಅದರ ಮೇಲೆ ನಾನು ನೇರ ಮಾಡಿ ಒತ್ತಿದ ಚೀಟಿ, ಎಡಬಲದ ಬಿಳಿ ಅಂಚು ಸಹಿತ. ಒಂದನ್ನು ನನ್ನ ಕೌಂಟರಿನ ಸ್ಕ್ಯಾನರಿಗೆ ಹಿಡಿದೆ. ಎಷ್ಟು ಚೆನ್ನಾಗಿ ಅಂಟಿಸಿದ್ದೆವೆಂದರೆ, ಒಂದೇ ಸಲಕ್ಕೆ ಬೀಪ್ ಎಂದಿತು. ಪರದೆಯಲ್ಲಿ ಬಂದದ್ದು ಇಷ್ಟು: ಈ ವಸ್ತು ದಾಸ್ತಾನಿನಲ್ಲಿ ಇಲ್ಲ.

ನನ್ನ ಕಂಪ್ಯೂಟರಿಗೆ ಅದು ಗೊತ್ತಿಲ್ಲದ್ದು ಸಹಜ. ನಿಮ್ಮದಕ್ಕೆ ಏನು ಗೊತ್ತಿದೆ? ಅದು ಇನ್ನೂ ಗೋದಾಮಿನಲ್ಲಿ ಭದ್ರ ಎಂದೇ ತೋರಿಸುತ್ತಿದೆಯೇ? ಮಾರಿದವರು ಯಾರೆಂದು ನನಗೆ ತಿಳಿಯದು, ತಿಳಿಯದೆ ಯಾರ ಮೇಲೂ ಹೊರಿಸುವುದಿಲ್ಲ. ಆದರೆ ಎಲ್ಲಿಗೂ ಹೋಗುವುದಿಲ್ಲ ಎಂದ ಪುಸ್ತಕ ಸಾಸಿವೆ ಕಟ್ಟಲು ಬಂದದ್ದು ಹೇಗೆ ಎಂದು ಉತ್ತರಿಸಬೇಕಾದವರು ನೀವು. ಆ ಕಟ್ಟನ್ನು ನಾನು ಒಳಗೆ ಅಕ್ಕಿ ಮೂಟೆಯ ಹಿಂದೆ ಇಟ್ಟಿದ್ದೇನೆ. ಒಂದು ಹಾಳೆಯಲ್ಲೂ ಸಾಮಾನು ಕಟ್ಟಿಲ್ಲ. ಊರಿನಲ್ಲಿ ಯಾರಿಗೂ ಹೇಳಿಲ್ಲ, ಈ ಪತ್ರ ಪತ್ರಿಕೆಯಲ್ಲಿ ಅಚ್ಚಾದ ದಿನ ಅವರಿಗೂ ತಿಳಿಯುತ್ತದೆ.

ಆ ಕಟ್ಟಿನಲ್ಲಿ ನಾನು ಹುಡುಕಿದ್ದು ಒಂದು ಪುಸ್ತಕವನ್ನು. ನಿಮ್ಮ ಟೆಂಪೋ ಬಂದ ದಿನ ಜಗಲಿಯಲ್ಲಿ ಭವ್ಯಶ್ರೀ ಒಂದು ಕಾದಂಬರಿ ಓದುತ್ತಿದ್ದಳು. ಮನೆ ಬಿಟ್ಟು ಹೊರಟ ಒಬ್ಬ ಹುಡುಗಿ ಮಳೆಯಲ್ಲಿ ಹೊಳೆಯ ಕಡವಿಗೆ ಬಂದು ನಿಂತಿದ್ದಾಳೆ, ಆಚೆ ದಡದಿಂದ ದೋಣಿ ಬರುತ್ತಿದೆ, ಹಿಂದಿನಿಂದ ಅಣ್ಣಂದಿರು ಕೂಗುತ್ತಿದ್ದಾರೆ. ಅಲ್ಲಿಗೆ ನಿಮ್ಮ ನೌಕರರು ಬಂದು, ಇದೊಂದು ಲೆಕ್ಕಕ್ಕೆ ಬಾಕಿ ಎಂದು ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡರು. ಈ ಪುಟ ಮುಗಿಸ್ತೇನೆ ಎಂದು ಅವಳು ಕೇಳಿಕೊಂಡಳಂತೆ. ಅವರಿಗೆ ಹೊತ್ತಾಗಿತ್ತು. ಗುರುತಿಗೆ ಒಂದು ಬೀಡಿ ಎಲೆ ಇಟ್ಟು ಕೊಟ್ಟಳು. ಕಟ್ಟಿನಲ್ಲಿ ಆ ಪುಸ್ತಕ ಇರಲಿಲ್ಲ. ಹಾಗಾಗಿ ಅದು ಇನ್ನೂ ಎಲ್ಲಿಯೋ ಇದೆ ಎಂದು ನಾನು ಲೆಕ್ಕ ಹಾಕಿದ್ದೇನೆ.

ನಾನು ಕೇಳುವುದು ಇಷ್ಟು. ಉಳಿದ ಪುಸ್ತಕಗಳನ್ನು ಪದವಿಗೆ ತಂದು ಬೀಗ ತೆಗೆಯಿರಿ. ರದ್ದಿಗೆ ಹೋದವು ಯಾವುವು, ಯಾರ ಅಪ್ಪಣೆಯಿಂದ ಎಂದು ಅದೇ ಪಂಚಾಯತಿನ ಗೋಡೆಯ ಮೇಲೆ ಅಂಟಿಸಿ. ಭವ್ಯಶ್ರೀಯ ಹೆಸರಿನ ಮುಂದೆ ಬರೆದ ಆ ಪದವನ್ನು ಹಿಂದಕ್ಕೆ ಪಡೆಯಿರಿ, ಹಾಗೆ ಪಡೆದ ಕಾಗದವನ್ನು ಅಂಚೆಯಲ್ಲಿ ಕಳಿಸಬೇಡಿ. ನೀವೇ ಬಂದು ಸೇಸಮ್ಮನ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿ ಹೇಳಬೇಕು. ಎಷ್ಟು ಜನ ಕೇಳುತ್ತಾರೆಂದು ಆಗ ಕಣ್ಣಿನಿಂದಲೇ ಎಣಿಸಬಹುದು. ಏಳುವಾಗ ಅವರು ನಿಮ್ಮ ಕೈಗೂ ಒಂದೊಂದು ಹಿಡಿ ಬೀಡಿ ಹಾಕಿಯಾರು, ಓದಿದವರಿಗೆ ಕೊಡದೆ ಕಳಿಸುವ ಅಭ್ಯಾಸ ಅವರಿಗಿಲ್ಲ.

ಮತ್ತು ಆ ಒಂದು ಕಾದಂಬರಿ ಬೇಗ ಬೇಕು. ಬೀಯಮ್ಮ ಮಾಮಿ ಎಂದು ನಮ್ಮಲ್ಲಿ ಒಬ್ಬರಿದ್ದಾರೆ, ಜಗಲಿಯ ಎಲ್ಲರಿಗಿಂತ ಹಿರಿಯರು. ಅಕ್ಷರ ಬಾರದು, ಬೀಡಿ ಕಟ್ಟಿಯೇ ಬೆರಳು ಬಾಗಿದೆ. ಚಹಾಪುಡಿಗೆಂದು ಅಂಗಡಿಗೆ ಬಂದಾಗಲೆಲ್ಲ ನನ್ನನ್ನು ಕೇಳುತ್ತಾರೆ.

“ಉಸ್ಮಾನೇ, ಆ ಹುಡುಗಿ ದೋಣಿ ಹತ್ತಿದಳಾ?”

“ಇಲ್ಲ ಮಾಮಿ, ಇನ್ನೂ ಕಡವಿನಲ್ಲೇ ಉಂಟು.”

ಮೊನ್ನೆಯೂ ಕೇಳಿದರು. ಅಕ್ಕಿ ಮೂಟೆಯ ಹಿಂದಿನ ಕಟ್ಟು ಅವರಿಗೆ ಕಾಣದ ಹಾಗೆ ನಾನು ಅಡ್ಡ ನಿಂತು ಅದೇ ಉತ್ತರ ಕೊಟ್ಟೆ. ಅವರು ಚಹಾಪುಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, “ಎಷ್ಟು ದಿನ ಆಯ್ತು ಮಾರಾಯ ಅವಳು ಮಳೆಯಲ್ಲಿ ನಿಂತು. ಅವರಿಗೆ ಒಂದು ಕೊಡೆ ಆದ್ರೂ ಕೊಡ್ಲಿಕ್ಕೆ ಆಗುದಿಲ್ವಾ?” ಎಂದು ಹೇಳಿ ಇಳಿದು ಹೋದರು.

‘ಅವರಿಗೆ’ ಎಂದು ಮಾಮಿ ಅಂದದ್ದು ಕತೆ ಬರೆದವರನ್ನೋ ನಿಮ್ಮನ್ನೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಇಂತಿ,
ತನ್ನ ಕೈಯಾರೆ ಗೆರೆ ಅಂಟಿಸಿಕೊಟ್ಟು, ಆ ಗೆರೆಯ ಲೆಕ್ಕಕ್ಕೆ ಸಿಗದೆ ಹೋದ ಒಬ್ಬ ಕೇಳುಗ
ಉಸ್ಮಾನ್
ದಿನಸಿ ಅಂಗಡಿ, ಕುಂಟಾಲಪದವು, ಬಂಟ್ವಾಳ ತಾಲೂಕು